ರಾಡಿ

ಶಹಾಬಾದದ ಪಾಲಿಶ್ ಮಷೀನು
ಕರೆಂಟ್ ಹೋಗಿ ಗಪ್ ಆದಾಗ
ಆಫೀಸಿನ ಯುಪಿಎಸ್ ಹನ್ನೆರಡು ನಿಮಿಷ ಕೊಡ್ತದ.
ಕೀಬೋರ್ಡಿನ ಮ್ಯಾಲಿನ ಫರಸಿ ಪುಡಿ ಊದಿ
ಬಿಲ್ಲಿನ ಲೆಕ್ಕ ಮುಚ್ಚಿ
ಅದರ ಹಿಂದ ಅಡಗಿಸಿಟ್ಟ ಆಟ ತೆಗೀತೀನಿ.

ಎಲ್ಲೋ ಒಂದು ಚಳಿ ದೇಶ. ನಾ ಕಂಡಿಲ್ಲ.
ಮೂರನೇ ದರ್ಜೆದ ಸಣ್ಣ ಟೀಮು,
ಅದರ ಹೆಸರು ಬಾಯಾಗ ಹೊರಳೂದಿಲ್ಲ,
ಅದಕ್ಕ ನಾನು ಮ್ಯಾನೇಜರ್.
ಸಂಬಳ ಇಲ್ಲದ ನೌಕರಿ; ಬೈಯೋ ಮಾಲಕರು ಅಲ್ಲೂ ಇದ್ದಾರ.

ಮೊದಲ ಸೀಜನ್ನಿನಾಗ ಬಂದಾಂವ ರಾಡೆಕ್.
ಹತ್ತೊಂಬತ್ತು ವಯಸ್ಸು, ಡಿಫೆಂಡರ್,
ಯಾರೂ ಒಲ್ಲೆ ಅಂದಿದ್ದಕ್ಕ ಪುಕಟ ಸಿಕ್ಕಾಂವ.
ನಾಕನೇ ನಂಬರಿನ ಅಂಗಿ ಕೊಟ್ಟೆ.
ಮಶಾಕ್ ಹಿಂದ ನಿಂತು ಅಕ್ಷರ ಕೂಡಿಸಿ ಓದಿದ:
"ಯಾಂವಲೇ ಇಂವ, ರಾಡಿ?"
ಮಶಾಕನ ಪ್ಯಾಂಟಿಗೆ ಮೊಣಕಾಲ ತನಕ ಕಲ್ಲಿನ ರಾಡಿ,
ಗರಗಸದಿಂದ ಸಿಡಿದು ಒಣಗಿದ ಬೂದಿ ಬಣ್ಣ.
ಅವತ್ತಿನಿಂದ ನಮ್ಮಿಬ್ಬರಿಗೂ ಅಂವ ರಾಡೀನ.

ಹದಿನಾರು ಸೀಜನ್.
ನನ್ನ ಲೆಕ್ಕದಾಗ ಎರಡು ಬ್ಯಾಸಿಗಿ, ಒಂದು ಮಳಿಗಾಲ,
ಮಶಾಕನ ಮಗಳಿಗೆ ಬಂದ ಎಂಟು ಹಲ್ಲು.

ಒಮ್ಮೆ ಗೋಲಿಗೆ ಕೆಂಪು ಕಾರ್ಡ್ ಬಿತ್ತು,
ಬದಲಿ ಮಂದಿ ಮುಗಿದಿದ್ರು.
ಇಪ್ಪತ್ತು ನಿಮಿಷ ಅಂವನೇ ಗೋಲಿನಾಗ ನಿಂತ,
ಐದು ಗೋಲ್ ಬಿಟ್ಟುಕೊಟ್ಟ. ಆದ್ರೂ ನಿಂತ.
ದೊಡ್ಡ ಟೀಮಿನವರು ಥೈಲಿ ಹಿಡಕೊಂಡು ಬಂದ್ರು,
"ನಾ ಇಲ್ಲೇ ಇರ್ತೀನಿ" ಅಂದ.
ಹಂಗಂತ ಆಟ ಬರದು ತೋರಿಸ್ತು, ಒಂದೇ ಸಾಲು.
ರೊಕ್ಕ ಕಡಿಮಿ ಬಿದ್ದ ವರ್ಷ ಸಂಬಳ ಅರ್ಧ ಮಾಡಿದೆ.
ಸೈ ಹಾಕಿದ.
ದನಿ ಕೇಳಿಲ್ಲ, ಮಾರಿ ನೋಡಿಲ್ಲ;
ಫೋಟೋ ಇರಬೇಕಾದ ಜಾಗದಾಗ ಒಂದು ಕರಿ ನೆರಳು,
ಹೆಗಲು ಮಾತ್ರ ಅಗಲ.

ವೇಗ ಹದಿನೈದು ಇತ್ತು. ಹದಿಮೂರಾತು.
ಹತ್ತಾದಾಗ ನಾ ಅಂಕಿ ನೋಡೂದು ಬಿಟ್ಟೆ,
ಸಕ್ಕರಿ ರಿಪೋರ್ಟಿನ ಕವರು
ಒಡೀಲಾರದ ಟಿವಿ ಮ್ಯಾಲ ಇಟ್ಟಂಗ.
ಆರು. ಕೆಂಪು ಅಕ್ಷರದಾಗ ಆರು.
ಎಳೀ ಹುಡುಗರು ಅಂವನ ಬಾಜೂಕ ಹಾದು ಹೋಗ್ತಾರ,
ಪ್ಯಾಸೆಂಜರ್ ನಿಲ್ಲೋ ಸ್ಟೇಷನ್ನಿನಾಗ ಎಕ್ಸ್‌ಪ್ರೆಸ್ ಹೋದಂಗ.
ಧೈರ್ಯ ಮಾತ್ರ ಇನ್ನೂ ಹತ್ತೊಂಬತ್ತು.
ಅದು ಇಳಿದಿದ್ರ
ನನಗ ಹಗುರ ಆಗ್ತಿತ್ತು.

ಕೋಚ್ ಆಗು ಅಂದೆ. ಒಲ್ಲೆ ಅಂದ.
ಇನ್ನೊಂದು ವರ್ಷ ಆಡ್ತಾನಂತ, ಎಲ್ಲಿಯಾದ್ರೂ.
ಹದಿನಾರು ಸೀಜನ್ನಿನಾಗ ನನ್ನ ಮಾತು ಮೀರಿದ್ದು
ಅದೊಂದೇ ಸಲ.

ಕಡೀ ಮ್ಯಾಚು. ಎಂಬತ್ತೆಂಟನೇ ನಿಮಿಷಕ್ಕ ಒಳಗ ಕಳಿಸಿದೆ,
ತೋಳಿಗೆ ಕ್ಯಾಪ್ಟನ್ ಪಟ್ಟಿ ಕೊಟ್ಟು.
ಎದ್ದು ನಿಲ್ಲೂದು ಆಟದಾಗಿನ ಮಂದಿಗೆ ಬರೂದಿಲ್ಲ.
ಹನ್ನೊಂದು ಸಾವಿರದ ನಾಕುನೂರಾ ಎರಡು ಮಂದಿ ಬಂದಾರಂತ,
ಬರೇ ಅಂಕಿ.
ಒಂದು ಚೆಂಡು ತಲಿಲೆ ಹೊಡೆದು ಹೊರಗ ಹಾಕಿದ. ಅಷ್ಟ.
ಹಿಂದಿನಿಂದ ಮಶಾಕ್ ಚಪ್ಪಾಳಿ ಹೊಡದ,
ತೊಯ್ದ ಕೈಲೆ.
ನನ್ನ ಕೊರಳಿಗೆ ಎರಡು ಹನಿ ಸಿಡಿದ್ವು.
ನಾ ಒರಸಲಿಲ್ಲ.

ಯುಪಿಎಸ್ ಚೀರ್ಲತ್ತಿತ್ತು.
ಪರದೆ ಮ್ಯಾಲ ಎರಡು ಗುಂಡಿ:
ಇಟ್ಕೋ. ಬಿಡು.
"ಲಗೂ ಒತ್ತು, ಸೇವ್ ಆಗೂದಿಲ್ಲ ನೋಡು" ಅಂದ ಮಶಾಕ್.
ಸೇವ್ ಆಗದಿದ್ರ ನಾಳೆ ಅಂವ ಮತ್ತ ಇಲ್ಲೇ,
ಮತ್ತ ನಾನು, ಅದೇ ಕುರ್ಚಿ, ಅದೇ ಎರಡು ಗುಂಡಿ.
ಒತ್ತಿದೆ.
ಇಷ್ಟು ದಿವಸ ಎಂಥೆಂಥಾ ತಪ್ಪು ಮಾಡೀನಿ,
ಯಾವುದಕ್ಕೂ ತಡೀಲಾರದ ಆಟ
ಅವತ್ತು ಕೇಳ್ತು: ಖಾತ್ರಿ ಏನು?

ಮುಂಜಾನಿ ಮಾಲಕರು ಬಂದು
ಕಲ್ಲಿನ ಲಾಟ್ ಬರದ ವಹಿ ತೆರೆದ್ರು.
ಒಂದು, ಎರಡು, ಮೂರು, ಐದು.
ಬೆರಳು ಅಲ್ಲೇ ನಿಂತ್ತು.
"ನಾಕು ಎಲ್ಲಿ ಹೋತೋ?"
ಹೊರಗ ಗರಗಸ ಮತ್ತ ಚಾಲೂ ಆಗಿತ್ತು,
ಜೋರಲೆ ಹೇಳಬೇಕಾತು:
"ಬಿಟ್ಟೀನ್ರಿ."